ನಾಳೆಯನ್ನು ಕೇಳದ ಪ್ರಶ್ನೆಪತ್ರಿಕೆ

(ಮೈಸೂರಿನ ಒಂದು ಮನೆ, 2024ರ ಡಿಸೆಂಬರ್, ಮಧ್ಯಾಹ್ನ. ಅಕ್ಕ ಪ್ರೌಢಶಾಲೆಯ ಗಣಿತ ಶಿಕ್ಷಕಿ. 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ಹೋಯಿತು, ಆಮೇಲೆ ಪೂರ್ತಿ ಹುಷಾರಾಗಲೇ ಇಲ್ಲ. ತಮ್ಮ ಇಂಗ್ಲೆಂಡಿನ ಒಂದು ಲಾಂಗ್ ಕೋವಿಡ್ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಮೂರು ವಾರದ ರಜೆಗೆ ಬಂದಿದ್ದಾನೆ.)

ತಮ್ಮ: ಪರದೆ ಎಳೆದುಬಿಡಲಾ ಅಕ್ಕ? ಬಿಸಿಲು ಕಣ್ಣಿಗೆ ಹೊಡೀತಿದೆ.

ಅಕ್ಕ: ಅರ್ಧ ಎಳಿ ಸಾಕು. ಕೈಯಲ್ಲಿ ಏನೋ ಅದು?

ತಮ್ಮ: ನಮ್ಮ ಕ್ಲಿನಿಕ್ಕಿಗೆ ಬಂದವರ ಕೈಲೆಲ್ಲ ತುಂಬಿಸೋ ಫಾರಂ. ಇಕ್ಯೂ-5ಡಿ ಅಂತಾರೆ. ಕಾಯಿಲೆಯಿಂದ ಬದುಕು ಎಷ್ಟು ಕುಗ್ಗಿದೆ ಅಂತ ಅಳೆಯೋಕೆ. ಐದೇ ಪ್ರಶ್ನೆ: ಓಡಾಟ, ಸ್ನಾನ-ಬಟ್ಟೆ, ದಿನದ ಕೆಲಸ, ನೋವು, ಆತಂಕ-ಖಿನ್ನತೆ. ಒಂದೊಂದಕ್ಕೂ ಐದು ಉತ್ತರ, ‘ಏನೂ ತೊಂದರೆ ಇಲ್ಲ’ ಅನ್ನೋದರಿಂದ ‘ಆಗೋದೇ ಇಲ್ಲ’ ಅನ್ನೋವರೆಗೆ. ಕೊನೆಗೆ ಥರ್ಮಾಮೀಟರಿನ ಹಾಗೆ ಒಂದು ಗೆರೆ, ಸೊನ್ನೆಯಿಂದ ನೂರು.

ಅಕ್ಕ: ಐದು ಪ್ರಶ್ನೆ, ಐದೈದು ಉತ್ತರ. ಅಂದರೆ ಐದರ ಘಾತ ಐದು... ತಡಿ, ನೀನು ಹೇಳಬೇಡ... 3125. ಎಷ್ಟು ಹೊತ್ತು ಹಿಡೀತು ನೋಡಿದೆಯಾ? ಮೊದಲಾಗಿದ್ದರೆ ನಿನ್ನ ಮಾತು ಮುಗಿಯೋ ಮುಂಚೆ ಹೇಳಿರ್ತಿದ್ದೆ.

ತಮ್ಮ: ಸರಿಯಾಗೇ ಹೇಳಿದೆಯಲ್ಲ. 3125 ಬಗೆಯ ಆರೋಗ್ಯ, ಅದರಲ್ಲಿ ನಿನ್ನದು ಯಾವುದು ಅಂತ ನೋಡೋಣ ಅಂದುಕೊಂಡೆ.

ಅಕ್ಕ: ಪೆನ್ನು ಕೊಡು. ಪ್ರಶ್ನೆಪತ್ರಿಕೆ ಕೈಗೆ ಬಂದು ಎಷ್ಟು ದಿನ ಆಯ್ತೋ... ಇಲ್ಲಿ ‘ಇವತ್ತು’ ಅನ್ನೋ ಪದವನ್ನ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರಲ್ಲ. ಇವತ್ತಿನ ಆರೋಗ್ಯ ಹೇಗಿದೆ ಅಂತ. ಇವತ್ತು ಅಂದರೆ, ಓಡಾಟ ಸ್ವಲ್ಪ ಕಷ್ಟ. ಸ್ನಾನ ಸ್ವಲ್ಪ ಕಷ್ಟ. ನೋವು ಸ್ವಲ್ಪ. ಗೆರೆ ಮೇಲೆ ಅರವತ್ತು ಹಾಕ್ತೀನಿ. ಆದರೆ ನೀನು ಬರ್ತೀಯ ಅಂತ ಮೂರು ದಿನ ಈ ರೂಮು ಬಿಟ್ಟು ಕದಲದೆ ಮಲಗಿ ಈ ಅರವತ್ತನ್ನ ಕೂಡಿಹಾಕಿದ್ದೀನಿ. ಆ ಮೂರು ದಿನ ಇದರಲ್ಲಿ ಎಲ್ಲಿ ಬರೀಲಿ? ಇವತ್ತು ಕೂತು ಮಾತಾಡಿದ್ದಕ್ಕೆ ನಾಡಿದ್ದು ಏನು ತೆರಬೇಕೋ ಅದನ್ನ ಎಲ್ಲಿ ಬರೀಲಿ?

ತಮ್ಮ: ಜಾಗ ಇಲ್ಲ. ಇನ್ನೊಂದು ನೋಡಿದೆಯಾ? ಈ ಐದರಲ್ಲಿ ಸುಸ್ತಿಗೂ ಜಾಗ ಇಲ್ಲ, ತಲೆಗೆ ಮಂಜು ಕವಿಯೋದಕ್ಕೂ ಇಲ್ಲ. ಲಾಂಗ್ ಕೋವಿಡ್ಡಿನವರು ಮೊದಲು ಹೇಳೋದೇ ಅವೆರಡು. ಅದಕ್ಕೇ ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಮತ್ತು ಎಕ್ಸೆಟರ್ ವಿಶ್ವವಿದ್ಯಾಲಯದವರು 31 ಕ್ಲಿನಿಕ್ಕುಗಳ 3,754 ರೋಗಿಗಳನ್ನ ನೋಡಿದಾಗ ಸುಸ್ತನ್ನ ಅಳೆಯೋ ಬೇರೆ ಪಟ್ಟಿಯನ್ನೂ ಇಟ್ಟುಕೊಂಡರು. 2023ರಲ್ಲಿ ‘ಬಿಎಂಜೆ ಓಪನ್’ನಲ್ಲಿ ಬಂತು. ಅವರ ಸುಸ್ತು ಕ್ಯಾನ್ಸರಿನಿಂದ ರಕ್ತ ಕಡಿಮೆಯಾದವರ ಸುಸ್ತಿಗೆ ಸಮ, ಇಲ್ಲ ಅದಕ್ಕಿಂತ ಹೆಚ್ಚು. ಬದುಕಿನ ಗುಣಮಟ್ಟದ ಅಂಕ, ಮೈಯೆಲ್ಲ ಹರಡಿದ ಶ್ವಾಸಕೋಶದ ಕ್ಯಾನ್ಸರಿನವರಿಗಿಂತ ಕೆಳಗಿತ್ತು. ಐದರಲ್ಲಿ ಒಬ್ಬರಿಗೆ ಕೆಲಸ ಮಾಡೋಕೇ ಆಗ್ತಿರಲಿಲ್ಲ.

ಅಕ್ಕ: ಕ್ಯಾನ್ಸರಿನವರ ಪಕ್ಕದಲ್ಲಿ ನನ್ನನ್ನ ಇಟ್ಟು ನೋಡೋಕೆ ಮನಸ್ಸು ಒಪ್ಪಲ್ಲ ಕಣೋ. ಚಿಕ್ಕಮ್ಮ ಪಟ್ಟ ಪಾಡು ಕಣ್ಣಾರೆ ನೋಡಿದ್ದೀನಿ. ಒಂದು ಮಾತ್ರ ನಿಜ. ಚಿಕ್ಕಮ್ಮನಿಗೆ ‘ಎದ್ದು ಓಡಾಡು, ಎಲ್ಲ ಸರಿಹೋಗುತ್ತೆ’ ಅಂತ ಯಾರೂ ಅನ್ನಲಿಲ್ಲ.

ತಮ್ಮ: ನಿನಗೆ ನಾನು ಅಂದೆ.

ಅಕ್ಕ: ಬಿಡೋ ಅದನ್ನ.

ತಮ್ಮ: ಬಿಡೋಕಾಗಲ್ಲ. 2021ರ ಆಗಸ್ಟಿನಲ್ಲಿ ಫೋನಿನಲ್ಲಿ ಏನು ಹೇಳಿದೆ ಅಂತ ಅಕ್ಷರಕ್ಕಕ್ಷರ ನೆನಪಿದೆ. ‘ಮಲಗಿದಷ್ಟೂ ಸ್ನಾಯು ಸೊರಗುತ್ತೆ, ದಿನಾ ಐದು ನಿಮಿಷ ಜಾಸ್ತಿ ಮಾಡ್ತಾ ಹೋಗು.’ ನಾನು ಕಲಿತ ವಿದ್ಯೆಯೇ ಅದು. ಲಕ್ವ ಹೊಡೆದವರನ್ನ, ತೊಡೆ ಮೂಳೆ ಮುರಿದವರನ್ನ ಹಾಗೇ ಎಬ್ಬಿಸಿ ನಡೆಸಿದ್ದೀನಿ. ನಮ್ಮ ಕ್ಲಿನಿಕ್ಕಿನಲ್ಲೂ ಮೊದಮೊದಲು ಹಾಗೇ ಹೇಳಿ ಕೆಲವರನ್ನ ಇನ್ನಷ್ಟು ಕೆಡಿಸಿದೆ. ಇದೇ ಥರದ ಇನ್ನೊಂದು ಹಳೇ ಕಾಯಿಲೆ ಇದೆ, ಎಂಇ ಅಂತಾರೆ. ಅದಕ್ಕೆ ವ್ಯಾಯಾಮ ಏರಿಸ್ತಾ ಹೋಗೋ ಚಿಕಿತ್ಸೆ ಬೇಡ ಅಂತ ಬ್ರಿಟನ್ನಿನ ನೈಸ್ ಸಂಸ್ಥೆ ತನ್ನ ಸೂಚನೆ ತಿದ್ದಿದ್ದು 2021ರ ಅಕ್ಟೋಬರಿನಲ್ಲಿ. ಅಷ್ಟು ಹೊತ್ತಿಗೆ ನೀನು ಬಿದ್ದಾಗಿತ್ತು.

ಅಕ್ಕ: ನಾನೂ ಹಟಕ್ಕೆ ಬಿದ್ದು ನಡೆದೆನಲ್ಲ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮೊದಲ ದಿನ ಹತ್ತು ನಿಮಿಷ. ಎರಡನೇ ವಾರ ಅರ್ಧ ಸುತ್ತು ಹಾಕಿ ಬಂದೆ, ನಿನಗೆ ಫೋಟೋನೂ ಕಳಿಸಿದೆ. ಆ ದಿನ ಏನೂ ಆಗಲಿಲ್ಲ. ಮಾರನೇ ದಿನಾನೂ ಚೆನ್ನಾಗೇ ಇದ್ದೆ. ಮೂರನೇ ದಿನ ಬೆಳಿಗ್ಗೆ ಹಲ್ಲುಜ್ಜೋ ಬ್ರಷ್ ಎತ್ತಿ ಹಿಡಿಯೋಕೆ ಕೈಯಲ್ಲಿ ಕಸುವಿರಲಿಲ್ಲ. ಹನ್ನೊಂದು ದಿನ ಹಾಸಿಗೆ. ಗಂಟಲು ಕಟ್ಟಿ, ಮೈಯೆಲ್ಲ ಜ್ವರ ಬಂದ ಹಾಗೆ, ಆದರೆ ಜ್ವರ ಇಲ್ಲ. ನಡೆದದ್ದಕ್ಕೂ ಇದಕ್ಕೂ ನಂಟಿದೆ ಅಂತ ತಿಳಿಯೋಕೇ ತಿಂಗಳುಗಳು ಹೋದವು. ಥಂಡಿ ಹವೆ ಅಂದೆ, ಹೊರಗಿನ ಊಟ ಅಂದೆ, ಕಣ್ಣು ಬಿತ್ತು ಅಂತ ಅಮ್ಮ ನೀವಾಳಿಸಿದರು. ನಡಿಗೆಯನ್ನ ಯಾರೂ ದೂರಲಿಲ್ಲ.

ತಮ್ಮ: ಆ ತಡವೇ ಈ ಕಾಯಿಲೆಯ ಮೋಸ. ಮಾಡಿದ್ದಕ್ಕೆ ಪೆಟ್ಟು ಒಂದು ದಿನ, ಎರಡು ದಿನ, ಕೆಲವರಿಗೆ ಮೂರು ದಿನ ಬಿಟ್ಟು ಬರುತ್ತೆ. ಆಮ್‌ಸ್ಟರ್‌ಡ್ಯಾಮಿನವರು 25 ರೋಗಿಗಳನ್ನೂ 21 ಆರೋಗ್ಯವಂತರನ್ನೂ ಕರೆದು ಸ್ವಲ್ಪ ಹೊತ್ತು ಸೈಕಲ್ ತುಳಿಸಿದರು. ತುಳಿಯೋದಕ್ಕೆ ವಾರ ಮುಂಚೆ ಒಂದು ಸಲ, ತುಳಿದ ಮಾರನೇ ದಿನ ಒಂದು ಸಲ, ತೊಡೆಯಿಂದ ಸ್ನಾಯುವಿನ ಚೂರು ತೆಗೆದು ನೋಡಿದರು. ರೋಗಿಗಳ ಸ್ನಾಯುವಿನಲ್ಲಿ ಮಾರನೇ ದಿನ ಗಾಯ ಕಾಣಿಸಿತು. ಜೀವಕೋಶಕ್ಕೆ ಶಕ್ತಿ ಕೊಡೋ ಮೈಟೊಕಾಂಡ್ರಿಯ ಇದೆಯಲ್ಲ, ಅದರ ಕೆಲಸ ಇನ್ನೂ ಕುಸಿದಿತ್ತು. 2024ರ ಜನವರಿಯಲ್ಲಿ ಪ್ರಕಟವಾಯ್ತು. ಅದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ ಅಕ್ಕ.

ಅಕ್ಕ: ಅವರು ಮಾರನೇ ದಿನ ನೋಡಿದರಲ್ಲ, ಅದೇ ದೊಡ್ಡದು. ನನ್ನನ್ನ ನೋಡಿದ ಡಾಕ್ಟರೆಲ್ಲ ನಾನು ಎದ್ದು ಆಟೋ ಹತ್ತೋ ಶಕ್ತಿ ಇದ್ದ ದಿನವೇ ನೋಡಿದ್ದು. ಶಕ್ತಿ ಇಲ್ಲದ ದಿನ ಹೋಗೋದಾದರೂ ಹೇಗೆ? ರಕ್ತ, ಥೈರಾಯ್ಡ್, ಎಕೋ, ಎಕ್ಸ್‌ರೇ ಎಲ್ಲ ನಾರ್ಮಲ್. ‘ಮುಟ್ಟು ನಿಲ್ಲೋ ವಯಸ್ಸು’ ಅಂದರು ಒಬ್ಬರು. ‘ಟೆನ್ಷನ್ ಮಾಡ್ಕೋಬೇಡಿ’ ಅಂದರು ಇನ್ನೊಬ್ಬರು. ಎಲ್ಲ ನಾರ್ಮಲ್ ಅಂತ ಕೇಳಿ ಖುಷಿಪಡಬೇಕಲ್ವಾ? ಆಚೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ತಮ್ಮ: ಭಾವ ಏನಂದ್ರು?

ಅಕ್ಕ: ನಿಮ್ಮ ಭಾವ ನಂಬಿದರು. ಮೊದಲ ದಿನದಿಂದ ಅಲ್ಲ, ಆ ಮದುವೆ ಆದ ಮೇಲೆ. ಅವರ ಅಕ್ಕನ ಮಗಳ ಮದುವೆ, ಹೋಗದೆ ಇದ್ದರೆ ಆಗುತ್ತಾ? ನಮ್ಮ ಮದುವೆಗೆ ಅವರು ವಾರ ಮುಂಚೆ ಬಂದು ದುಡಿದವರು. ಮುಯ್ಯಿಗೆ ಮುಯ್ಯಿ ಸಲ್ಲಿಸಬೇಕು. ಎರಡು ಗಂಟೆ ಇದ್ದೆ. ರೇಷ್ಮೆ ಸೀರೆ, ಹೂವು, ನಗುಮುಖ. ‘ಚೆನ್ನಾಗೇ ಇದ್ದೀಯಲ್ಲೇ, ಸ್ಕೂಲಿಗೆ ಯಾಕೆ ಹೋಗಲ್ಲ?’ ಅಂತ ನಾಲ್ಕು ಜನ ಕೇಳಿದರು. ಆಮೇಲಿನ ಒಂಬತ್ತು ದಿನ ನೋಡಿದ್ದು ನಿಮ್ಮ ಭಾವ ಒಬ್ಬರೇ. ತಲೆಗೂದಲು ಬಾಚಿ, ಗಂಜಿ ಕುಡಿಸಿದರು. ಮದುವೆ ಮನೆಯಲ್ಲಿ ನೋಡಿದ ಮುನ್ನೂರು ಜನ ಎರಡು ಗಂಟೆಗೆ ಸಾಕ್ಷಿ, ಒಂಬತ್ತು ದಿನಕ್ಕೆ ಒಬ್ಬರೇ ಸಾಕ್ಷಿ. ಲೆಕ್ಕ ಯಾರ ಕಡೆ ವಾಲುತ್ತೆ ಹೇಳು?

ತಮ್ಮ: ಮುಖ ಬಿಳುಚಿಕೊಳ್ತಿದೆ ನಿನ್ನದು. ಎಷ್ಟು ಹೊತ್ತಾಯ್ತು ಮಾತಾಡೋಕೆ ಶುರು ಮಾಡಿ?

ಅಕ್ಕ: ಇಪ್ಪತ್ತು ನಿಮಿಷ. ನನ್ನ ಮಿತಿ ಅಷ್ಟೇ. ನೀನು ಹೋಗಿ ಅಮ್ಮನ ಹತ್ತಿರ ಕಾಫಿ ಕುಡಿ. ಬಾಗಿಲು ಹಾಕಿಕೊಂಡು ಹೋಗು.

(ಒಂದು ಗಂಟೆಯ ನಂತರ)

ಅಕ್ಕ: ಬಾ. ಕಾಫಿ ವಾಸನೆ ಬರ್ತಿದೆ ನಿನ್ನಿಂದ.

ತಮ್ಮ: ಹೋಗಿ ಬಾಯಿ ಮುಕ್ಕಳಿಸಿ ಬರಲಾ?

ಅಕ್ಕ: ಬೇಡ, ಈಗ ತಡ್ಕೋತೀನಿ. ಮೊದಲ ವರ್ಷ ಕಾಫಿ ಡಿಕಾಕ್ಷನ್ ಸುಟ್ಟ ರಬ್ಬರಿನ ವಾಸನೆ. ಒಗ್ಗರಣೆಗೆ ಈರುಳ್ಳಿ, ಬೆಳ್ಳುಳ್ಳಿ ಬಿದ್ದರೆ ಕೊಳೆತ ವಾಸನೆ. ಅಡುಗೆಮನೆಗೆ ಕಾಲಿಡೋಕಾಗ್ತಿರಲಿಲ್ಲ. ಮನೆಯವರೆಲ್ಲ ಎಂಟು ತಿಂಗಳು ನನಗಾಗಿ ಈರುಳ್ಳಿ ಬಿಟ್ಟರು. ನೀನು ಹೇಳಿಕೊಟ್ಟೆಯಲ್ಲ, ಲವಂಗ, ನಿಂಬೆ, ಗುಲಾಬಿ, ನೀಲಗಿರಿ, ಬೆಳಿಗ್ಗೆ ಸಂಜೆ ಮೂಸು ಅಂತ. ಅದನ್ನ ಬಿಡದೆ ಮಾಡಿದೆ. ಅದರಿಂದಲೋ, ಕಾಲ ಕಳೆದು ಹೋಗಿದ್ದರಿಂದಲೋ, ಮುಕ್ಕಾಲು ಪಾಲು ವಾಪಸ್ ಬಂದಿದೆ.

ತಮ್ಮ: ಎದೆ ಬಡಿತ?

ಅಕ್ಕ: ಇದನ್ನ ನೋಡು. 2021ರಲ್ಲಿ ತಂದ ಆಕ್ಸಿಮೀಟರು. ಆಗ ಊರಿಗೆ ಊರೇ ಇದರ ಮೇಲಿನ ಅಂಕಿ ನೋಡ್ತಾ ಕೂತಿತ್ತು, ತೊಂಬತ್ನಾಲ್ಕು, ತೊಂಬತ್ಮೂರು ಅಂತ. ನನ್ನದು ತೊಂಬತ್ತಾರರ ಕೆಳಗೆ ಇಳೀಲೇ ಇಲ್ಲ. ಬೆಡ್ ಸಿಗದೆ ಜನ ರಸ್ತೆಯಲ್ಲಿ ಸಾಯ್ತಿದ್ದ ದಿನಗಳು, ನಾನು ಮನೆಯಲ್ಲೇ ಹುಷಾರಾದೆ. ನನಗೆ ಬಂದದ್ದು ಸೌಮ್ಯ ಅಂತ ಎಲ್ಲರೂ ಅಂದರು, ನಾನೂ ಅಂದೆ. ಇದರ ಕೆಳಗಿನ ಅಂಕಿ, ನಾಡಿಯದು, ಅದನ್ನ ಯಾರೂ ನೋಡಲಿಲ್ಲ. ಮಲಗಿದ್ದಾಗ 76 ಇರುತ್ತೆ. ಎದ್ದು ನಿಂತ ಐದು ನಿಮಿಷಕ್ಕೆ 118.

ತಮ್ಮ: ನಿಂತ ಹತ್ತು ನಿಮಿಷದೊಳಗೆ ಮೂವತ್ತು ಬಡಿತ ಏರಿ, ರಕ್ತದೊತ್ತಡ ಬೀಳದೆ ಇದ್ದರೆ ಪಾಟ್ಸ್ ಇರಬಹುದು ಅಂತ ನೋಡ್ತೀವಿ. ನಿಂತಾಗ ರಕ್ತ ಕಾಲಿಗೆ ಇಳಿಯದ ಹಾಗೆ ನರಗಳು ನಾಳಗಳನ್ನ ಬಿಗಿ ಹಿಡಿಯಬೇಕು. ಅದು ತಪ್ಪಿದಾಗ ಹೃದಯ ಓಡಿ ಓಡಿ ಸರಿದೂಗಿಸುತ್ತೆ. ಉಪ್ಪು ನೀರು, ಬಿಗಿ ಕಾಲುಚೀಲ, ಬೇಕಾದರೆ ಮಾತ್ರೆ. ಇದೊಂದಕ್ಕೆ ಮಾಡೋದು ಸ್ವಲ್ಪ ಇದೆ.

ಅಕ್ಕ: ಅದು ಗೊತ್ತಾದ ಮೇಲೆ ಸ್ನಾನದ ಮನೆಗೆ ಪ್ಲಾಸ್ಟಿಕ್ ಸ್ಟೂಲು ಬಂತು. ಚಪಾತಿ ಲಟ್ಟಿಸೋಕೆ ಎತ್ತರದ ಸ್ಟೂಲು ಬಂತು. ಬಟ್ಟೆ ಒಣಹಾಕೋದು ಬಿಟ್ಟೆ, ಕೈ ಮೇಲೆತ್ತಿದರೆ ಕಣ್ಣು ಕತ್ತಲೆ. ಆದರೆ ತರಗತಿಗೆ ಯಾವ ಸ್ಟೂಲು ಹಾಕ್ಲೋ? ಕೂತು ಪಾಠ ಮಾಡಬಹುದು, ಹೆಡ್‌ಮಾಸ್ಟರು ಕುರ್ಚಿ ಹಾಕಿಸಿಕೊಟ್ಟರು, ಒಳ್ಳೆಯವರು. ಕಾಲಲ್ಲ ಕೈಕೊಟ್ಟಿದ್ದು. ಹತ್ತನೇ ತರಗತಿಗೆ ವರ್ಗಸಮೀಕರಣ. ಇಪ್ಪತ್ತೆರಡು ವರ್ಷ ಮಾಡಿದ ಪಾಠ, ನಿದ್ದೆಗಣ್ಣಲ್ಲಿ ಬರೀತೀನಿ. ಮೂರನೇ ಸಾಲು ಬರೆದು ನಾಲ್ಕನೆಯದಕ್ಕೆ ಸೀಮೆಸುಣ್ಣ ಇಟ್ಟೆ, ಮುಂದೆ ಏನೂ ಇಲ್ಲ. ಮರೆತುಹೋದ ಹಾಗಲ್ಲ. ಮರೆತರೆ ಮರೆತಿದ್ದೀನಿ ಅನ್ನೋ ನೆನಪಾದರೂ ಇರುತ್ತೆ. ಬರೀ ಖಾಲಿ. ಮಕ್ಕಳು ಪಾಪ, ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿಕೊಟ್ಟಳು. ಅವತ್ತು ರಜೆ ಚೀಟಿ ಬರೆದೆ.

ತಮ್ಮ: ರಜೆ ಎಷ್ಟು ಉಳಿದಿದೆ?

ಅಕ್ಕ: ಗಳಿಕೆ ರಜೆ ಮುಗೀತು, ಅರ್ಧ ಸಂಬಳದ ರಜೆ ಮುಗೀತು, ಈಗ ಸಂಬಳ ಇಲ್ಲದ ರಜೆ. ಪ್ರತಿ ಸಲ ಮೆಡಿಕಲ್ ಸರ್ಟಿಫಿಕೇಟ್ ಬೇಕು. ಅದರಲ್ಲಿ ಕಾಯಿಲೆಯ ಹೆಸರು ಬರೀಬೇಕು. ಡಾಕ್ಟರು ‘ನಿಶ್ಶಕ್ತಿ’ ಅಂತ ಬರೆದು ಕೊಡ್ತಾರೆ. ಬಿಸಿಲಲ್ಲಿ ನಿಂತವರಿಗೆ ಬರೋದು ನಿಶ್ಶಕ್ತಿ!

ತಮ್ಮ: ಹೆಸರು ಇದೆ ಅಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಯು09 ಅನ್ನೋ ಸಂಕೇತ 2020ರಲ್ಲೇ ಸೇರಿತು. 2021ರ ಅಕ್ಟೋಬರಿನಲ್ಲಿ ವ್ಯಾಖ್ಯಾನವನ್ನೂ ಕೊಟ್ಟರು: ಸೋಂಕಾಗಿ ಸಾಮಾನ್ಯವಾಗಿ ಮೂರು ತಿಂಗಳ ಹೊತ್ತಿಗೆ ಇರೋ, ಕನಿಷ್ಠ ಎರಡು ತಿಂಗಳು ಉಳಿಯೋ, ಬೇರೆ ಕಾರಣ ಹೇಳೋಕಾಗದ ಲಕ್ಷಣಗಳು. ಅದೇ ವರ್ಷ ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ ಕೋವಿಡ್ ನಂತರದ ತೊಂದರೆಗಳಿಗೆ ಚಿಕಿತ್ಸಾ ಮಾರ್ಗಸೂಚಿ ಹೊರಡಿಸಿತು. ಅಮೆರಿಕದಲ್ಲಿ ಇದರಿಂದ ಬದುಕು ತೀರ ಕುಗ್ಗಿದವರನ್ನ ಅಂಗವಿಕಲರ ಕಾನೂನಿನಡಿ ಪರಿಗಣಿಸಬಹುದು ಅಂತ 2021ರ ಜುಲೈಯಲ್ಲೇ ಹೇಳಿದರು. ನಮ್ಮ 2016ರ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಈ ಹೆಸರು ಅದರಲ್ಲಿಲ್ಲ.

ಅಕ್ಕ: ಲಾಂಗ್ ಕೋವಿಡ್ ಅನ್ನೋ ಹೆಸರಿಟ್ಟ ಡಾಕ್ಟರು ಯಾರು?

ತಮ್ಮ: ಡಾಕ್ಟರಲ್ಲ. ಎಲಿಸಾ ಪೆರೆಗೊ ಅಂತ ಇಟಲಿಯ ಪುರಾತತ್ವ ಶಾಸ್ತ್ರಜ್ಞೆ. ತನಗೇ ಬಂದ ಕಾಯಿಲೆಗೆ 2020ರ ಮೇನಲ್ಲಿ ಟ್ವಿಟರಿನಲ್ಲಿ ಆ ಹೆಸರು ಬಳಸಿದಳು. ಎರಡು ವಾರದಲ್ಲಿ ಹುಷಾರಾಗ್ತೀರಿ ಅಂತ ಎಲ್ಲರೂ ಹೇಳ್ತಿದ್ದ ಕಾಲ ಅದು. ರೋಗಿಗಳೇ ಸೇರಿ ಸಮೀಕ್ಷೆನೂ ಮಾಡಿದರು. 56 ದೇಶಗಳ 3,762 ಜನ ಉತ್ತರ ಕೊಟ್ಟರು. 203 ಲಕ್ಷಣಗಳು ದಾಖಲಾದವು. ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಜನರಿಗೆ ಕಾಯಿಲೆ ಮತ್ತೆ ಮತ್ತೆ ತಿರುಗಿ ಬರ್ತಿತ್ತು, ಮೈ ದಣಿದರೆ, ತಲೆ ದಣಿದರೆ, ಮನಸ್ಸು ಕಲಕಿದರೆ.

ಅಕ್ಕ: ಮರುಕಳಿಸೋದು. ಅದಕ್ಕೆ ನಮ್ಮಲ್ಲಿ ಪದ ಇತ್ತಲ್ಲೋ! ಅಜ್ಜಿ ನೆನಪಿದೆಯಾ? ಸೋದರಮಾವನಿಗೆ ಟೈಫಾಯ್ಡ್ ಆಗಿ ಜ್ವರ ಬಿಟ್ಟ ಮೇಲೂ ಒಂದು ತಿಂಗಳು ಹೊಸಿಲು ದಾಟೋಕೆ ಬಿಡಲಿಲ್ಲ. ‘ಜ್ವರ ಬಿಟ್ಟಿದೆ, ಕಾಯಿಲೆ ಬಿಟ್ಟಿಲ್ಲ, ಮರುಕಳಿಸುತ್ತೆ’ ಅಂತಿದ್ದಳು. ಗಂಜಿ, ಸಾರು, ಪಥ್ಯ. ಬಾಣಂತಿಗೆ ಮೂರು ತಿಂಗಳು, ಐದು ತಿಂಗಳು ಅಂತ ಲೆಕ್ಕ ಇತ್ತು. ಚೇತರಿಸಿಕೊಳ್ಳೋದಕ್ಕೂ ಕಾಲ ಬೇಕು ಅಂತ ಮನೆಯವರಿಗೆ ಗೊತ್ತಿತ್ತು. ಯಾವಾಗ ಕಳೆದುಕೊಂಡೆವೋ ಅದನ್ನ. ನೆಗೆಟಿವ್ ರಿಪೋರ್ಟ್ ಬಂದ ಮಾರನೇ ದಿನದಿಂದ ನಾನು ಆನ್‌ಲೈನ್ ಪಾಠ ಮಾಡಿದೆ.

ತಮ್ಮ: ಅಪ್ಪನ ಚಿಕುನ್‌ಗುನ್ಯಾನೂ ನೆನೆಸಿಕೋ. 2006ರಲ್ಲಿ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ. ಜ್ವರ ಒಂದು ವಾರ, ಕೀಲು ನೋವು ಎಷ್ಟೋ ತಿಂಗಳು. ಬೆಳಿಗ್ಗೆ ಲೋಟ ಹಿಡಿಯೋಕಾಗ್ತಿರಲಿಲ್ಲ ಅಪ್ಪನಿಗೆ.

ಅಕ್ಕ: ಅಪ್ಪನನ್ನ ಯಾರೂ ಅನುಮಾನಿಸಲಿಲ್ಲ, ಯಾಕೆ ಗೊತ್ತಾ? ಬೀದಿಗೆ ಬೀದಿಯೇ ಗೋಡೆ ಹಿಡಿದು ಕುಂಟ್ತಿತ್ತು. ನೋವು ಎದ್ದು ಕಾಣ್ತಿತ್ತು. ನನ್ನದು ಈ ಪರದೆ ಹಿಂದೆ ಇದೆ, ಅಷ್ಟೇ. ಪ್ರಪಂಚದಲ್ಲಿ ಎಷ್ಟು ಜನ ಇರಬಹುದು ನನ್ನ ಥರ?

ತಮ್ಮ: ಇಲ್ಲಿವರೆಗೆ ಸುಮಾರು 40 ಕೋಟಿ ಜನಕ್ಕೆ ಬಂದಿರಬಹುದು ಅಂತ ಈ ಆಗಸ್ಟಿನಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಅಂದಾಜು ಕೊಟ್ಟಿದ್ದಾರೆ. ಎಲ್ಲರಿಗೂ ನಿನ್ನಷ್ಟು ಜೋರಾಗಿರಲ್ಲ, ಎಷ್ಟೋ ಜನ ಸರಿಹೋಗಿದ್ದಾರೆ. ಲಸಿಕೆ ಹಾಕಿಸಿಕೊಂಡವರಿಗೆ ಬರೋ ಸಾಧ್ಯತೆಯೂ ಕಡಿಮೆ.

ಅಕ್ಕ: ನಮ್ಮ ಮನೆಗೆ ಪಾತ್ರೆ ತೊಳೆಯೋಕೆ ಬರ್ತಾಳಲ್ಲ, ಅವಳು ಆ 40 ಕೋಟಿಯಲ್ಲಿ ಇದ್ದಾಳಾ? ನನಗೆ ಬಂದ ವಾರವೇ ಅವಳಿಗೂ ಜ್ವರ ಬಂತು. ಟೆಸ್ಟ್ ಮಾಡಿಸಲಿಲ್ಲ. ಅವತ್ತಿಂದ ನಾಲ್ಕು ಮನೆ ಮಾಡ್ತಿದ್ದವಳು ಎರಡು ಮನೆ ಮಾಡ್ತಿದ್ದಾಳೆ. ನೆಲ ಒರೆಸೋವಾಗ ಮಧ್ಯೆ ಕೂತುಬಿಡ್ತಾಳೆ. ‘ಸುಸ್ತು ಅಮ್ಮಾ’ ಅಂತಾಳೆ, ಅಷ್ಟೇ. ನಾನು ಮಲಗಿಕೊಂಡು ಅವಳನ್ನ ನೋಡ್ತಾ ಇರ್ತೀನಿ. ಇಬ್ಬರ ಕಾಯಿಲೆನೂ ಒಂದೇ ಅಂತ ನನ್ನ ಮನಸ್ಸು ಹೇಳುತ್ತೆ. ನನಗೆ ನೀನು ಹೇಳಿದ ಔಷಧಿ ವಿಶ್ರಾಂತಿ. ಅದನ್ನ ಕೊಳ್ಳೋಕೆ ನನ್ನ ಹತ್ತಿರ ರಜೆ ಇತ್ತು, ನಿಮ್ಮ ಭಾವನ ಸಂಬಳ ಇತ್ತು. ಅವಳ ಹತ್ತಿರ ಏನಿದೆ? ಸಂಬಳ ಪೂರ್ತಿ ಕೊಟ್ಟು ವಾರಕ್ಕೆ ಮೂರೇ ದಿನ ಬಾ ಅಂದಿದ್ದೀನಿ. ಇನ್ನೊಂದು ಮನೆಯವರು ಹಾಗನ್ನಲ್ಲ.

ತಮ್ಮ: ಅವಳ ನಾಡಿನೂ ಒಮ್ಮೆ ನೋಡ್ತೀನಿ. ನಾಳೆ ಬರ್ತಾಳಾ?

ಅಕ್ಕ: ನಾಡಿದ್ದು. ಮಾತ್ರೆ ಅಂತ ಏನಾದರೂ ಬರೋ ಹಾಗಿದೆಯೇನೋ?

ತಮ್ಮ: ಇದಕ್ಕೇ ಅಂತ ಒಪ್ಪಿಗೆಯಾದ ಮಾತ್ರೆ ಇಲ್ಲ. ವೈರಸ್ಸಿನ ತುಣುಕು ದೇಹದಲ್ಲಿ ಉಳೀತಾ, ರೋಗನಿರೋಧಕ ಶಕ್ತಿ ಇನ್ನೂ ಹೋರಾಡ್ತಾನೇ ಇದೆಯಾ, ನರಗಳ ಹತೋಟಿ ತಪ್ಪಿತಾ, ಒಬ್ಬೊಬ್ಬರಲ್ಲಿ ಒಂದೊಂದು ಇರಬಹುದು. ಪ್ಯಾಕ್ಸ್‌ಲೋವಿಡ್ 15 ದಿನ ಕೊಟ್ಟು ಸ್ಟ್ಯಾನ್‌ಫರ್ಡಿನವರು ನೋಡಿದರು, ಗುಣ ಕಾಣಲಿಲ್ಲ. ಸೋಂಕು ಆದ ಕೂಡಲೇ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೊಟ್ಟರೆ ಮುಂದೆ ಇದು ಬರೋದು ತಗ್ಗುತ್ತೆ ಅಂತ ಒಂದು ಪ್ರಯೋಗದಲ್ಲಿ ಕಂಡಿತು, ಆದರೆ ಅದು ನಿನ್ನ ಪಾಲಿಗೆ ತಡವಾಯ್ತು.

ಅಕ್ಕ: ಸುಳ್ಳು ಭರವಸೆ ಕೊಡದೆ ಹೇಳಿದೆಯಲ್ಲ, ಅಷ್ಟು ಸಾಕು. ನಿನ್ನ ಫಾರಂ ಕೊನೇ ಪ್ರಶ್ನೆ ಖಾಲಿ ಬಿಟ್ಟಿದ್ದೀನಿ, ಆತಂಕ-ಖಿನ್ನತೆ. ಸ್ವಲ್ಪ ಅಂತ ಬರೆದರೆ ‘ನೋಡಿ, ಎಲ್ಲ ಮನಸ್ಸಿಂದ’ ಅಂತಾರೆ. ಇಲ್ಲ ಅಂತ ಬರೆದರೆ ಸುಳ್ಳಾಗುತ್ತೆ.

ತಮ್ಮ: ನನಗೆ ನಿಜ ಹೇಳು.

ಅಕ್ಕ: ಮಗಳು ಮೊದಲು ‘ಅಮ್ಮಾ, ನಾಳೆ ನನ್ನ ಜೊತೆ ಬರ್ತೀಯಾ?’ ಅಂತಿದ್ದಳು. ನಾನು ‘ಬರ್ತೀನಿ’ ಅಂತಿದ್ದೆ. ಬೆಳಿಗ್ಗೆ ಏಳೋಕಾಗ್ತಿರಲಿಲ್ಲ. ಏಳು ಸಲ, ಎಂಟು ಸಲ ಹಾಗಾಯ್ತು. ಆಮೇಲೆ ಅವಳು ಕೇಳೋದನ್ನೇ ಬಿಟ್ಟಳು. ಸಿಟ್ಟಿನಿಂದ ಅಲ್ಲ ಕಣೋ, ನನಗೆ ನೋವಾಗಬಾರದು ಅಂತ. ಹದಿನೇಳು ವರ್ಷದ ಹುಡುಗಿ. ಕಾಲೇಜಿನ ವಾರ್ಷಿಕೋತ್ಸವ ಮುಗಿದ ಮೇಲೆ ವಿಡಿಯೋ ತೋರಿಸಿದಳು, ಕರೆದೇ ಇರಲಿಲ್ಲ. ನಾವು ಯಾರ ಮನೆಯಿಂದ ಹೊರಟರೂ ‘ಹೋಗ್ತೀನಿ’ ಅನ್ನಲ್ಲ, ‘ಬರ್ತೀನಿ’ ಅಂತೀವಿ. ಅಷ್ಟು ಸಲೀಸಾಗಿ ಬಾಯಿಗೆ ಬರೋ ಮಾತು. ಅದನ್ನ ಅನ್ನೋಕೆ ಈಗ ನಾಲಗೆ ತಡೆಯುತ್ತೆ ನನಗೆ. ನೋವು ಹೇಗೋ ಅಭ್ಯಾಸ ಆಯ್ತು. ಮಾತು ಕೊಡೋಕಾಗದೆ ಇರೋದು ಅಭ್ಯಾಸ ಆಗಿಲ್ಲ.

ತಮ್ಮ: ...

ಅಕ್ಕ: ನೀನು ಅಳಬೇಡ. ನೀನು ಅತ್ತರೆ ನಾನೂ ಅಳಬೇಕು, ಅಳೋಕೂ ಶಕ್ತಿ ಬೇಕು. ನಾಳೆ ಏನು ಯೋಜನೆ ನಿಮ್ಮದು?

ತಮ್ಮ: ಅಮ್ಮನ್ನ ನಂಜನಗೂಡಿಗೆ ಕರ್ಕೊಂಡು ಹೋಗ್ತೀನಿ. ಕಾರು ಹೇಳಿದ್ದೀನಿ. ಹಿಂದಿನ ಸೀಟಿನಲ್ಲಿ ಪೂರ್ತಿ ಮಲಗಿಕೊಂಡು ಬರಬಹುದು. ದೇವಸ್ಥಾನದ ಒಳಗೆ ಬರೋದೇ ಬೇಡ, ಹೊಳೆ ದಂಡೆ ಹತ್ತಿರ ನೆರಳಲ್ಲಿ ಕಾರು ನಿಲ್ಲಿಸ್ತೀನಿ. ನಿನ್ನ ಮಗಳೂ ಬರ್ತಾಳೆ. ನಾನೇನೂ ಕೇಳ್ತಿಲ್ಲ, ಹೇಳ್ತಿದ್ದೀನಿ ಅಷ್ಟೆ.

ಅಕ್ಕ: ಎಷ್ಟು ಗಂಟೆಗೆ?

ತಮ್ಮ: ಎಂಟಕ್ಕೆ.

ಅಕ್ಕ: ಏಳೂವರೆಗೆ ಈ ಬಾಗಿಲು ನೋಡು. ಅರ್ಧ ತೆಗೆದಿದ್ದರೆ ಬರ್ತಿದ್ದೀನಿ ಅಂತ. ಮುಚ್ಚಿದ್ದರೆ ತಟ್ಟಬೇಡ, ನೀವು ಹೊರಡಿ. ಮಗಳಿಗೂ ಇದನ್ನ ನೀನೇ ಹೇಳು. ಈಗ ಇನ್ನರ್ಧ ಪರದೆನೂ ಎಳೆದುಬಿಡು.